ಒಂಬತ್ತನೇ ನಂಬರಿನ ಚೆಂಡು

ಕೋವಿಡ್ಡಿನ ಎರಡನೆಯ ಅಲೆಯಲ್ಲಿ, ನಮ್ಮ ಆಸ್ಪತ್ರೆಯ ಕ್ಯಾಜುವಲ್ಟಿಯೊಳಗೆ ಕಾಲಿಡಲು ಜಾಗವಿಲ್ಲದಿದ್ದ ದಿನಗಳಲ್ಲಿ, ಆಡಳಿತದವರು ನಮಗೆ ಹನ್ನೆರಡು ರಬ್ಬರ್ ಚೆಂಡು ಕಳಿಸಿಕೊಟ್ಟರು. ನಾವು ಕೇಳಿದ್ದು ಚೆಂಡಲ್ಲ, ಆಕ್ಸಿಜನ್ ಸಿಲಿಂಡರಿನ ವಾಲ್ವು ತಿರುವುವ ಪಾನಾ, ಅಂದರೆ ಸ್ಪ್ಯಾನರು. ಇದ್ದ ಸಿಲಿಂಡರುಗಳಿಗೆಲ್ಲ ಸೇರಿ ನಮ್ಮಲ್ಲಿ ಇದ್ದದ್ದು ಒಂದೇ ಪಾನಾ. ಅದನ್ನು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡು ಓಡುತ್ತಿದ್ದೆವು. ಪಾನಾ ಯಾವಾಗ ಬರುತ್ತದೆಂದು ಫೋನು ಮಾಡಿ ಕೇಳಿದರೆ, ಚೆಂಡು ತಲುಪಿದವೇ ಎಂದು ಅವರೇ ನಮ್ಮನ್ನು ಕೇಳಿದರು.

ಹಳದಿ ಚೆಂಡುಗಳು. ನಿಂಬೆಹಣ್ಣಿಗಿಂತ ತುಸು ದೊಡ್ಡವು. ಒಂದೊಂದರ ಮೇಲೂ ಹಲ್ಲು ಕಿಸಿದ ನಗುವ ಮುಖ. ಜೊತೆಗೆ ಬಂದಿದ್ದ ಹಾಳೆಯಲ್ಲಿ ಸೂಚನೆಗಳಿದ್ದವು: ಒತ್ತಡ ಹೆಚ್ಚಿದಾಗ ಚೆಂಡನ್ನು ಹತ್ತು ಸಲ ಹಿಚುಕಿ, ಮೂಗಿನಿಂದ ದೀರ್ಘವಾಗಿ ಉಸಿರೆಳೆಯಿರಿ, ಒಂದು ಲೋಟ ನೀರು ಕುಡಿಯಿರಿ. ನಾವೋ ಎರಡೆರಡು ಮಾಸ್ಕ್ ಬಿಗಿದುಕೊಂಡು, ಅದರ ಮೇಲೆ ಪಿಪಿಇ ಕಿಟ್ ತೊಟ್ಟು, ಎಂಟು ತಾಸು ಹನಿ ನೀರಿಲ್ಲದೆ, ಬಾತ್‌ರೂಮಿಗೂ ಹೋಗಲಾರದೆ, ದೊಡ್ಡವರ ಡೈಪರ್ ಕಟ್ಟಿಕೊಂಡು ನಿಂತವರು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅನ್ನುತ್ತಾರಲ್ಲ, ನಮಗೆ ಆ ಮಜ್ಜಿಗೆಯನ್ನು ಕುಡಿಯಲು ಬಾಯಿಯೇ ತೆರೆದಿರಲಿಲ್ಲ.

ನಾನು ಹಡಪಸರದ ಆ ಆಸ್ಪತ್ರೆಯಲ್ಲಿ ಸೀನಿಯರ್ ನರ್ಸು. ಬಾಗಲಕೋಟೆ ಕಡೆಯಿಂದ ಬಂದು ಪುಣೆಯಲ್ಲಿ ಇಪ್ಪತ್ತು ವರ್ಷ ಕಳೆದರೂ ನಾಲಿಗೆ ಮೆತ್ತಗಾಗಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾನೆ. ಅವನು ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ಮಶೀನಿನ ಸದ್ದಿಗೆ ಅರ್ಧ ಕಿವುಡನಾದವನು, ಹಾಗಾಗಿ ನಮ್ಮ ಸಂಸಾರ ಚೆನ್ನಾಗಿಯೇ ನಡೆದಿದೆ. ಚೆಂಡಿನ ಡಬ್ಬಿ ನೋಡಿ ನಾನು ಕೂಗಾಡಿದ್ದನ್ನು ಕೇಳಿಸಿಕೊಂಡ ಮೇಟ್ರನ್ ಬಾಯಿ, ಶಿಕ್ಷೆಯೋ ಎಂಬಂತೆ, ಚೆಂಡುಗಳ ಉಸ್ತುವಾರಿಯನ್ನು ನನಗೇ ವಹಿಸಿದರು.

ಉಸ್ತುವಾರಿ ಎಂದರೆ ಸಣ್ಣ ಕೆಲಸವಲ್ಲ. ಪ್ರತಿ ಚೆಂಡಿಗೂ ನಂಬರು ಹಾಕಬೇಕು. ಪಾಳಿ ಶುರುವಾದಾಗ ಯಾರಿಗೆ ಯಾವ ನಂಬರು ಕೊಟ್ಟೆ ಎಂದು ರಜಿಸ್ಟರಿನಲ್ಲಿ ಬರೆದು ಸಹಿ ಹಾಕಿಸಬೇಕು. ಪಾಳಿ ಮುಗಿದ ಮೇಲೆ ಎಲ್ಲವನ್ನೂ ಬ್ಲೀಚಿಂಗ್ ನೀರಿನ ಬಕೆಟ್ಟಿನಲ್ಲಿ ಅರ್ಧ ತಾಸು ಮುಳುಗಿಸಿ, ಒರೆಸಿ, ಎಣಿಸಿಡಬೇಕು. ಎದುರಿಗೆ ಮನುಷ್ಯರು ಉಸಿರಿಗಾಗಿ ಒದ್ದಾಡುತ್ತಿರುವಾಗ ನಾನು, ನಾಲ್ಕನೇ ನಂಬರು ಯಾರ ಹತ್ತಿರ ಇದೆ, ಎಂದು ಕೂಗುತ್ತಿದ್ದೆ. ಬ್ಲೀಚಿಂಗ್ ಸ್ನಾನದಿಂದ ಚೆಂಡುಗಳ ಮುಖ ಮಾಸತೊಡಗಿತು. ಎರಡನೇ ನಂಬರಿನದಕ್ಕೆ ಒಂದು ಕಣ್ಣು ಹೋಯಿತು. ಐದನೆಯದಕ್ಕೆ ಬಾಯಿ ಅಳಿಸಿ ಬರೀ ಕಣ್ಣು ಉಳಿದು, ಥೇಟ್ ನಮ್ಮ ಹಾಗೆಯೇ ಕಾಣುತ್ತಿತ್ತು. ಒಂಬತ್ತನೆಯದು ಮಾತ್ರ ಯಾವ ಜನ್ಮದ ಪುಣ್ಯವೋ, ಮೊದಲ ದಿನದ ಹಾಗೆಯೇ ಹಲ್ಲು ಕಿಸಿದುಕೊಂಡಿತ್ತು.

ರಜಿಸ್ಟರಿನಲ್ಲಿ ಸಹಿಯ ಬದಲು ಹೆಬ್ಬೆಟ್ಟು ಒತ್ತುತ್ತಿದ್ದವಳು ಒಬ್ಬಳೇ, ನಮ್ಮ ಮಾವಶಿ. ಪುಣೆಯ ಆಸ್ಪತ್ರೆಗಳಲ್ಲಿ ವಾರ್ಡಿನ ಆಯಾಗಳನ್ನು ಹಾಗೆಯೇ ಕರೆಯುವುದು. ಈಕೆ ಯಾದಗಿರಿ ಕಡೆಯವಳು, ಐವತ್ತರ ಸುಮಾರು. ಕಟ್ಟಡದ ಕೆಲಸಕ್ಕೆಂದು ಬಂದು, ಕೆಲಸ ನಿಂತು, ಹಳೆಯ ಆಯಾಗಳು ಹೆದರಿ ಓಡಿಹೋದ ಹೊತ್ತಿನಲ್ಲಿ ಕಂತ್ರಾಟಿನ ಮೇಲೆ ಸೇರಿದವಳು. ಎಲ್ಲರೆದುರು ಇಬ್ಬರೂ ಮರಾಠಿ ಮಾತಾಡುತ್ತಿದ್ದೆವು. ಅವಳ ಮರಾಠಿಗೆ ಮರಾಠಿಯವರು ನಗುತ್ತಿದ್ದರು, ನನ್ನದಕ್ಕೆ ನಗುವ ಧೈರ್ಯ ಯಾರಿಗೂ ಇರಲಿಲ್ಲ. ಇಬ್ಬರೇ ಇದ್ದಾಗ ಕನ್ನಡ.

ಕಿಟ್ ತೊಟ್ಟರೆ ಡಾಕ್ಟರಿಗೂ ಆಯಾಗೂ ಫರಕು ಕಾಣುವುದಿಲ್ಲ. ಅದಕ್ಕೆ ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಕಪ್ಪು ಮಾರ್ಕರಿನಿಂದ ಬರೆಯುವುದು ನಮ್ಮ ರೂಢಿಯಾಗಿತ್ತು. ಹೆಸರು ಬರೆದರೆ ಓದುವ ಪುರಸೊತ್ತು ಯಾರಿಗೂ ಇಲ್ಲ, ಆದ್ದರಿಂದ ಬರೀ ಕೆಲಸ: ಡಾಕ್ಟರ್, ಸಿಸ್ಟರ್, ಮಾವಶಿ. ಅವಳ ಬೆನ್ನ ಮೇಲೆ ನಾನು ಬರೆಯುತ್ತಿದ್ದೆ. ನನ್ನ ಬೆನ್ನ ಮೇಲೆ ಅವಳು ಅಕ್ಷರ ಬಾರದ್ದರಿಂದ ಒಂದು ದುಂಡನೆಯ ಸೊನ್ನೆ ಹಾಕುತ್ತಿದ್ದಳು. ಸೊನ್ನೆ ಕಂಡರೆ ಸಿಸ್ಟರ್ ಬಂದಳೆಂದು ಇಡೀ ಕ್ಯಾಜುವಲ್ಟಿಗೆ ಗೊತ್ತಿತ್ತು.

ಚೆಂಡು ಬಂದ ವಾರದಲ್ಲೇ ಒಂದು ಫಾರ್ಮೂ ಬಂತು. ನಿಮಗೆಷ್ಟು ಒತ್ತಡವಿದೆ ಎಂದು ಅಳೆಯುವ ಫಾರ್ಮು. ಕಳೆದ ತಿಂಗಳಲ್ಲಿ ಎಷ್ಟು ಸಲ ಸಿಟ್ಟು ಬಂತು, ಎಷ್ಟು ಸಲ ಎಲ್ಲವೂ ಕೈಮೀರಿತು ಅನ್ನಿಸಿತು, ಇಂಥ ಪ್ರಶ್ನೆಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಬೇಕು. ಅಂಕ ಹೆಚ್ಚಿದ್ದವರಿಗೆ ರಜೆಯಿಲ್ಲ, ಒತ್ತಡ ನಿವಾರಣೆಯ ಆನ್‌ಲೈನ್ ಕ್ಲಾಸು ಎಂದು ಹೇಗೋ ಸುದ್ದಿಯಾಗಿ ಎಲ್ಲರೂ ಶುದ್ಧ ಸೊನ್ನೆ ಹಾಕಿದರು. ಹಿಂದಿನ ದಿನವಷ್ಟೇ ಲಿಫ್ಟಿನೊಳಗೆ ಕೂತು ಬಿಕ್ಕಿದ್ದ ಡಾಕ್ಟರೂ ಸೊನ್ನೆ. ನಾನು ಮಾತ್ರ ಸಿಟ್ಟಿನಲ್ಲಿ ಎಲ್ಲದಕ್ಕೂ ನಾಲ್ಕು ಹಾಕಿ, ಹಾಳೆಯ ಕೆಳಗೆ ಪಾನಾ ಯಾವಾಗ ಕಳಿಸುತ್ತೀರಿ ಎಂದು ಬರೆದೆ. ಇಡೀ ಕ್ಯಾಜುವಲ್ಟಿಯಿಂದ ಆ ಕ್ಲಾಸಿಗೆ ನಾನೊಬ್ಬಳೇ ಪಾಸಾದೆ.

ಅದೇ ಹೊತ್ತಿಗೆ ಆ ಅಜ್ಜಿ ಬಂದದ್ದು. ಎಪ್ಪತ್ತು ದಾಟಿದ, ಸಣ್ಣ ಮೈಯ, ದೊಡ್ಡ ಕುಂಕುಮದ ಅಜ್ಜಿ. ಮಗನಿಗೆ ಪುಣೆಯ ಕ್ಯಾಂಪ್ ಪೇಟೆಯಲ್ಲಿ ಬಟ್ಟೆ ಅಂಗಡಿ. ಅವರನ್ನು ಕರೆತಂದ ಮಗನಿಗೂ ಪಾಸಿಟಿವ್ ಬಂದು, ಊರಿನ ಇನ್ನೊಂದು ತುದಿಯ ಕೇಂದ್ರಕ್ಕೆ ಕಳಿಸಿದರು. ಮೇಲಿನ ವಾರ್ಡಿನಲ್ಲಿ ಹಾಸಿಗೆಯಿಲ್ಲದೆ ಅಜ್ಜಿ ಕ್ಯಾಜುವಲ್ಟಿಯ ಟ್ರಾಲಿಯ ಮೇಲೆಯೇ ಉಳಿದರು. ನಿಯಮದಂತೆ ಮೈಮೇಲಿನ ಬಳೆ, ಬೆಂಡೋಲೆ, ಕೊರಳಲ್ಲಿದ್ದ, ಒಳಗೆ ಇಷ್ಟಲಿಂಗವಿರುವ ಬೆಳ್ಳಿಯ ಲಿಂಗದಕಾಯಿ ಎಲ್ಲ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಸೆಕ್ಯುರಿಟಿಯವರ ಕಪಾಟಿಗೆ ಕಳಿಸಿದೆವು.

ಡ್ರಿಪ್ಪಿನ ಸೂಜಿ ಚುಚ್ಚಲು ನಾನು ಅವರ ಎಡಗೈ ಹಿಡಿದಾಗ ಅಜ್ಜಿ ಕೈ ಎಳೆದುಕೊಂಡರು.

"ಈ ಕೈಗೆ ಬ್ಯಾಡ ತಂಗಿ. ಇದು ಲಿಂಗ ಹಿಡಿಯೂ ಕೈ."

ಬಲಗೈಯಲ್ಲಿ ನರ ಸಿಗಲು ಮೂರು ಸಲ ಚುಚ್ಚಬೇಕಾಯಿತು. ಮಾವಶಿ ಅವರ ತೋಳು ಹಿಡಿದು ನಿಂತಿದ್ದಳು. ನಾವಿಬ್ಬರೂ ಕನ್ನಡದಲ್ಲೇ ಮಾತಾಡಿದ್ದು ಕೇಳಿ ಅಜ್ಜಿಗೆ ಜೀವ ಬಂದಂತಾಯಿತು.

"ನನ್ನ ಲಿಂಗದಕಾಯಿ ಎಲ್ಲಿಟ್ರಿ?"

"ಸೆಕ್ಯುರಿಟಿ ಕಡೆ ಅದರಿ ಅಮ್ಮಾ, ಭದ್ರ ಅದ," ಅಂದೆ.

"ಅಲ್ಲಿ ಭದ್ರ ಇದ್ದು ಏನ್ ಮಾಡೂದು? ನನಗೇನು ಸಾಯೂದರ ಅಂಜಿಕಿಲ್ಲವ್ವ. ಖಾಲಿ ಕೈಲೆ ಕಳಸಬ್ಯಾಡ್ರಿ, ಅಷ್ಟ."

ಅದರ ಅರ್ಥ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ಮನೆಯಲ್ಲೂ ಸತ್ತವರ ಎಡಗೈಯಲ್ಲಿ ಅವರ ಲಿಂಗವಿಟ್ಟು ಮಣ್ಣು ಕೊಡುವುದು. ನಾನು ಲಿಂಗ ಕಟ್ಟಿಕೊಳ್ಳುವುದನ್ನು ನರ್ಸಿಂಗ್ ಕಾಲೇಜಿಗೆ ಸೇರಿದಾಗಲೇ ಬಿಟ್ಟಿದ್ದರೂ, ಕಪ್ಪನೆಯ ಗುಂಡು ಲಿಂಗದ ಮೇಲೆ ಮುಚ್ಚಿದ ನನ್ನ ಅಜ್ಜನ ಅಂಗೈ ನನಗೆ ನೆನಪಿದೆ. ಮರುದಿನ ಹನ್ನೊಂದಕ್ಕೆ ಸೆಕ್ಯುರಿಟಿ ಕಪಾಟು ತೆಗೆಯುತ್ತಾರೆ, ನಾನೇ ಹೋಗಿ ತಂದು, ಸ್ಯಾನಿಟೈಜರ್ ಹಚ್ಚಿ ನಿಮ್ಮ ಕೈಯಲ್ಲಿಡುತ್ತೇನೆ ಎಂದೆ.

"ಆಣಿ?" ಅಂದರು ಅಜ್ಜಿ.

"ಆಣೀರಿ," ಅಂದೆ.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಮೇಟ್ರನ್ ಬಾಯಿಯ ಫೋನು ಬಂತು. ಹನ್ನೊಂದಕ್ಕೆ ಎರಡನೇ ಮಹಡಿಯ ಹಾಲಿನಲ್ಲಿ ಒತ್ತಡ ನಿವಾರಣೆಯ ಕ್ಲಾಸು. ನಮ್ಮ ವಿಭಾಗದಿಂದ ನಾನೇ. ಹಾಜರಿ ಕಡ್ಡಾಯ, ಬರುವಾಗ ಚೆಂಡು ತರುವುದು. ನನಗೆ ಈಗ ಸಾಧ್ಯವಿಲ್ಲ, ಒಂದು ತುರ್ತು ಕೆಲಸವಿದೆ ಎಂದೆ. ತುರ್ತು ಕೆಲಸ ಬಿಡಲಾಗದಿರುವುದೇ ಒತ್ತಡದ ಲಕ್ಷಣ ಎಂದು ಎಚ್.ಆರ್. ಸಾಹೇಬರು ಹೇಳಿದ್ದಾರೆ ಎಂದು ಅವರು ಫೋನಿಟ್ಟರು. ಅಜ್ಜಿಯ ಹತ್ತಿರ ಹೋಗಿ, ಒಂದು ತಾಸಿನ ಕೆಲಸ, ಬಂದ ಕೂಡಲೇ ತರುತ್ತೇನೆ ಎಂದು ಹೇಳಿದೆ. ಅಜ್ಜಿ ತಲೆಯಾಡಿಸಿದರು. ಆಕ್ಸಿಜನ್ ಅಂಕಿ ಇಳಿದಿತ್ತು, ಆದರೆ ಆಗ ಯಾರದು ಇಳಿದಿರಲಿಲ್ಲ? ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಕಿಟ್ ಬಿಚ್ಚಿ ಸ್ನಾನ ಮಾಡಿ ಹೋಗಿ ಕೂತೆ. ಪರದೆಯ ಮೇಲೆ ಒಬ್ಬ ಎಳೆ ವಯಸ್ಸಿನ ಕೌನ್ಸೆಲರ್, ಹಿಂದೆ ಒಂದು ಹಸಿರು ಗಿಡದ ಕುಂಡ. ಕಣ್ಣು ಮುಚ್ಚಿ, ಸಮುದ್ರದ ದಂಡೆಯ ಮೇಲೆ ನಡೆಯುತ್ತಿದ್ದೀರಿ ಎಂದುಕೊಳ್ಳಿ ಎಂದಳು. ಹಾಲಿನಲ್ಲಿದ್ದದ್ದು ಮೂವರು: ನಾನು, ಇಡೀ ಹೊತ್ತು ಗೊರಕೆ ಹೊಡೆದ ಆಂಬ್ಯುಲೆನ್ಸ್ ಡ್ರೈವರು, ಮತ್ತು ತಪ್ಪಿ ಬಂದಿದ್ದ ಎ.ಸಿ. ರಿಪೇರಿಯವನು. ರಿಪೇರಿಯವನು ಮಾತ್ರ ಬಹಳ ಶ್ರದ್ಧೆಯಿಂದ ಉಸಿರೆಳೆದು ಬಿಟ್ಟ. ನೆಟ್‌ವರ್ಕ್ ಹೋಗಿ ಅವಳ ಮುಖ ಬಾಯಿ ತೆರೆದ ಹಾಗೆಯೇ ನಿಂತಿತು. ಮತ್ತೆ ಬರುವವರೆಗೆ ಕಾಯಬೇಕೆಂದು ಬಾಗಿಲಲ್ಲಿ ಕೂತ ಹಾಜರಿಯವನು ಹೇಳಿದ. ಕಾದೆವು. ಹನ್ನೆರಡಕ್ಕೆ ಮುಗಿಯಬೇಕಿದ್ದದ್ದು ಹನ್ನೆರಡೂವರೆಗೆ ಮುಗಿಯಿತು. ಕೊನೆಗೆ ನಿಮ್ಮ ಚೆಂಡನ್ನು ಎದೆಗೊತ್ತಿಕೊಂಡು ನಾನು ಶಾಂತವಾಗಿದ್ದೇನೆ ಅನ್ನಿ, ಎಂದಳು. ಅಂದೆ.

ಅಲ್ಲಿಂದ ನೇರ ಸೆಕ್ಯುರಿಟಿಗೆ ಓಡಿದರೆ ಚೀಲ ಆಗಲೇ ಮಗನಿಗೆ ತಲುಪಿಸಲು ಹೊರಟಿತ್ತು. ಯಾಕೆಂದು ಕೇಳುವ ಮೊದಲೇ ನನಗೆ ತಿಳಿಯಿತು. ಇಲ್ಲಿಂದ ಚೀಲ ಹೊರಡುವುದು ಒಂದೇ ಕಾರಣಕ್ಕೆ. ಹೊಸ ಕಿಟ್ ತೊಟ್ಟು ಒಳಗೆ ಹೋದೆ. ಟ್ರಾಲಿಯ ಮೇಲೆ ಬೇರೆ ಯಾರೋ ಇದ್ದರು.

"ಹೋದ್ರಿ ಅಕ್ಕಾರ," ಅಂದಳು ಮಾವಶಿ. "ಪ್ಯಾಕ್ ಮಾಡಿ ಒಯ್ದು ಬಿಟ್ರು. ಗಾಡಿ ಹೋತು."

ಅಷ್ಟೇ ಹೇಳಿದಳು. ನಾನೂ ಅಷ್ಟಕ್ಕೇ ಬಿಟ್ಟೆ, ಕೇಳಲು ನನಗೆ ಧೈರ್ಯವಿರಲಿಲ್ಲ. ಆ ಮಧ್ಯಾಹ್ನ ಕಿಟ್ಟಿನ ಬೆನ್ನ ಮೇಲೆ ಬರೆಯಲು ನೋಡಿದರೆ ಇದ್ದ ಎರಡು ಮಾರ್ಕರುಗಳೂ ಒಣಗಿ ಹೋಗಿದ್ದವು. ಯಾರು ಇಷ್ಟು ಬರೆದವರು, ಇಲ್ಲಿ ಕಾದಂಬರಿ ಬರೆಯುತ್ತಿದ್ದೀರಾ, ಎಂದು ಎಲ್ಲರನ್ನೂ ಬೈದೆ. ಅಜ್ಜಿಗಾಗಿ ಬರಬೇಕಿದ್ದ ಅಳು ಮಾರ್ಕರಿನ ಮೇಲಿನ ಸಿಟ್ಟಾಗಿ ಬಂತು. ಪಾಳಿ ಮುಗಿಸಿ ಎಣಿಸಿದರೆ ಚೆಂಡು ಹನ್ನೊಂದೇ ಇದ್ದವು. ಒಂಬತ್ತನೆಯದು ಇರಲಿಲ್ಲ. ಆ ದಿನ ಅದರ ಎದುರು ಇದ್ದದ್ದು ಮಾವಶಿಯ ಹೆಬ್ಬೆಟ್ಟು.

ಎಲ್ಲೋ ಉರುಳಿರುತ್ತದೆ ಎಂದು ನಾನು ಸುಮ್ಮನಿದ್ದೆ. ವಾರದ ಮೇಲೆ ಎಚ್.ಆರ್. ವಿಭಾಗದವರು ತಪಾಸಣೆಗೆ ಬಂದರು. ಒಂದು ಬಾರಿಯೂ ಕ್ಯಾಜುವಲ್ಟಿಯ ಹೊಸ್ತಿಲು ತುಳಿಯದವರು, ಚೆಂಡು ಎಣಿಸಲು ಗಾಜಿನ ಬಾಗಿಲವರೆಗೆ ಬಂದರು. ಹನ್ನೆರಡರಲ್ಲಿ ಒಂದು ಕಡಿಮೆ! ಆಕ್ಸಿಜನ್ ಮುಗಿದ ದಿನವೂ ಆ ಮುಖಗಳಲ್ಲಿ ಅಷ್ಟು ಗಾಬರಿ ಕಂಡಿರಲಿಲ್ಲ. ರಜಿಸ್ಟರು ನೋಡಿ ಮಾವಶಿಯನ್ನು ಗೇಟಿನ ಹತ್ತಿರ ನಿಲ್ಲಿಸಿ, ಬಂದು ಹೋಗುವವರೆದುರು ಅವಳ ಕೈಚೀಲ ಸುರುವಿದರು. ಎರಡು ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿಯ ಪೊಟ್ಟಣ, ಒಂದು ಬಾಚಣಿಗೆ. ಮೊಮ್ಮಗುವಿಗೆ ಆಡಲು ಒಯ್ದೆಯಾ ಎಂದು ಕೇಳಿದರು. ಅವಳು ಕೂತು ರೊಟ್ಟಿಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡಳು. ಎರಡು ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ ಕಂತ್ರಾಟು ರದ್ದು ಎಂದರು. ಲಿಖಿತ ಉತ್ತರ, ಹೆಬ್ಬೆಟ್ಟಿನವಳಿಂದ.

ಆ ಕೆಲಸ ಹೋದರೆ ಅವಳು ಲಾಕ್‌ಡೌನಿನಲ್ಲಿ ಊರಿಗೆ ಹೋಗುವಂತಿಲ್ಲ, ಇಲ್ಲಿ ಉಣ್ಣುವಂತಿಲ್ಲ. ಅದು ನನಗೆ ಗೊತ್ತಿತ್ತು. ಸ್ನಾನ ಮುಗಿಸಿ ಇಬ್ಬರೂ ಹಿಂದಿನ ಅಂಗಳದ ಮೆಟ್ಟಿಲ ಮೇಲೆ ಕೂತಾಗ ಕೇಳಿದೆ.

"ಖರೆ ಹೇಳು. ಎಲ್ಲಿ ಅದ ಚೆಂಡು?"

"ಅಜ್ಜಿ ಕಡೆ ಐತ್ರಿ."

"ಯಾವ ಅಜ್ಜಿ?" ಅಂದೆ. ಯಾವ ಅಜ್ಜಿ ಎಂದು ನನಗೆ ಗೊತ್ತಿತ್ತು.

"ಅವತ್ತು ಆಕಿ ನಿಮ್ಮನ್ನ ಕೇಳಿದ್ಲು. ಮೂರು ಸಲ ಕೇಳಿದ್ಲು. ತರಾಕ ಹೋಗ್ಯಾರ, ಈಗ ಬರ್ತಾರ ಅಂದೆ. ಸುಳ್ಳು ಹೇಳಿದೆನ್ರಿ. ಆಮ್ಯಾಲ ಉಸಿರು ನಿಂತು ಹೋತು. ಎಡಗೈ ಹಿಂಗ ಅಂಗೈ ಮ್ಯಾಲ ಮಾಡಿ ಬಿಟ್ಟಿದ್ಲು. ಪ್ಯಾಕ್ ಮಾಡೋರು ಚೀಲ ತಗೊಂಡು ಬಂದೇ ಬಿಟ್ರು. ಇನ್ನೊಬ್ಬರದು ಮೊದಲ ಮುಗಸ್ರಿ ಅಂತ ಅವರನ್ನ ಆಕಡೆ ಕಳಿಸಿ, ಗುಂಡಂದು ಏನರೆ ಐತೇನು ಅಂತ ನೋಡಿದೆ. ನನ್ನ ಕಡೆ ಚೆಂಡಿತ್ತು. ಆದ್ರ ಅದು ಹಲ್ಲು ಕಿಸಿದಿತ್ತಲ್ರಿ. ಹಂಗ ಹೆಂಗ ಇಡೂದು? ಸ್ಪಿರಿಟ್ ಹಚ್ಚಿ ಮಾರಿ ಅಳಿಸಿದೆ. ಮಾರ್ಕರ್ ತಗೊಂಡು ಕರ್ರಗ ಮಾಡಿದೆ. ಎರಡೂ ಪೆನ್ನು ತಿಕ್ಕಿದರೂ ಸಾಲಲಿಲ್ರಿ, ತಳಕ ಇಷ್ಟು ಹಳದಿ ಉಳೀತು. ಅದನ್ನ ಕೆಳಗ ಮಾಡಿ ಇಟ್ಟು ಬೆರಳು ಮಡಚಿದೆ. ಸ್ವಲ್ಪ ದೊಡ್ಡದಾತು."

ನನಗೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವೂ ಅವರ ಪೈಕಿನ ಅಲ್ಲೇನ್ರಿ, ಲಿಂಗ ಕಟ್ಟೋ ಮಂದಿ? ನಮ್ಮೂರಾಗ ಗೌಡರ ಮನ್ಯಾಗ ಸತ್ರ ದೂರ ನಿಂತು ನೋಡೀನಿ, ನಮ್ಮಂಥೋರನ್ನ ಹತ್ರ ಬಿಡತಿದ್ದಿಲ್ಲ. ನನ್ನ ಕೈಲೆ ಇಟ್ಟೀನಿ ಅಂದ್ರ ಬೈತೀರಿ ಅಂತ ಅಂಜಿದೆ."

ನನಗೆ ನಾಚಿಕೆಯಾಯಿತು. ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಆಣೆ ಮಾಡಿದ್ದು ನಾನು, ಸಮುದ್ರದ ದಂಡೆಯ ಮೇಲೆ ಅಡ್ಡಾಡುತ್ತ ಕೂತದ್ದೂ ನಾನು. ಆ ಆಣೆಯನ್ನು ಕಳ್ಳತನದಲ್ಲಿ ತೀರಿಸಿದವಳು ಇವಳು, ಅದೂ ನನಗೆ ಹೆದರಿಕೊಂಡು.

ಮರುದಿನ ನಾನೇ ಉತ್ತರ ಬರೆದೆ. ಚೆಂಡನ್ನು ಯಾರೂ ಕದ್ದಿಲ್ಲ, ನನ್ನ ಅಪ್ಪಣೆಯ ಮೇರೆಗೆ ರೋಗಿಯೊಬ್ಬರ ಕೈಗೆ ಕೊಡಲಾಗಿದೆ, ಅದು ಅವರ ಬಳಿಯೇ ಇದೆ. ಕೆಳಗೆ ನನ್ನ ಸಹಿ, ರೋಗಿಯ ಕೇಸ್ ನಂಬರು. ನಾಲ್ಕು ದಿನಕ್ಕೆ ಎಚ್.ಆರ್. ವಿಭಾಗದಿಂದ ಮೊಹರು ಹೊಡೆದ ಕಾಗದ ಬಂತು: "ಸದರಿ ರೋಗಿಯಿಂದ ಚೆಂಡನ್ನು ಮರಳಿ ಪಡೆದು, ಸೋಂಕು ನಿವಾರಿಸಿ, ಮೂರು ದಿನದೊಳಗೆ ಸ್ಟೋರಿಗೆ ಒಪ್ಪಿಸತಕ್ಕದ್ದು." ಮಾವಶಿಗೆ ಓದಿ ಹೇಳಿದೆ. ಇಬ್ಬರೂ ನಕ್ಕೆವು. ಕಿಟ್ಟಿನೊಳಗೆ ಬೆವರು ಹರಿಯುವಂತೆ, ಗೋಡೆ ಹಿಡಿದುಕೊಂಡು ನಕ್ಕೆವು. ಆ ನಗು ಯಾವಾಗ ಅಳುವಾಯಿತೋ ತಿಳಿಯದು. ಕನ್ನಡಕ ಮಂಜಾಗಿ ನನಗೇನೂ ಕಾಣುತ್ತಿರಲಿಲ್ಲ, ಕಿಟ್ ತೊಟ್ಟವರು ಕಣ್ಣೊರೆಸಿಕೊಳ್ಳುವಂತೆಯೂ ಇಲ್ಲ. ಕೊನೆಗೆ, ಸದರಿ ರೋಗಿಯ ಈಗಿನ ವಿಳಾಸ ನಮ್ಮ ದಾಖಲೆಯಲ್ಲಿ ಇಲ್ಲ ಎಂದು ಉತ್ತರ ಬರೆದೆ. ಅವರಿಗೆ ಅದು ಪೂರ್ತಿ ಸರಿಯೆನಿಸಿರಬೇಕು, ಕಡತ ಮುಚ್ಚಿದರು. ಮಾವಶಿಯ ಕೆಲಸ ಉಳಿಯಿತು. ನನ್ನ ಬರಹದ ಧಾಟಿಯಲ್ಲಿ ಒತ್ತಡ ಕಾಣುತ್ತಿದೆ ಎಂದು ನನಗೆ ಇನ್ನೊಂದು ಕ್ಲಾಸು ಹಾಕಿದರು. ಪಾನಾ ಆ ತಿಂಗಳೂ ಬರಲಿಲ್ಲ.

ಮೂರು ವಾರ ಕಳೆದು, ಒಂದು ಬೆಳಿಗ್ಗೆ ಪಾಳಿಗೆ ಹೋಗುವಾಗ ಗೇಟಿನ ಹತ್ತಿರ ಅಜ್ಜಿಯ ಮಗ ನಿಂತಿದ್ದರು. ಇಳಿದುಹೋಗಿದ್ದರು, ಅಂಗಿ ಹೆಗಲಿನಿಂದ ಜೋಲುತ್ತಿತ್ತು. ಕೈಯಲ್ಲಿ ಬೆಳ್ಳಿಯ ಲಿಂಗದಕಾಯಿ. ಮಾವಶಿ ನನ್ನ ಜೊತೆಗಿದ್ದವಳು ಅವರನ್ನು ಕಂಡದ್ದೇ ಹತ್ತು ಹೆಜ್ಜೆ ದೂರ ಸರಿದು ಬೇವಿನ ಗಿಡದ ಕೆಳಗೆ ನಿಂತಳು.

"ಇದು ನನ್ನ ಕಡೆ ಬಂದದರಿ ಸಿಸ್ಟರ್," ಅಂದರು ಅವರು. "ಅಂದ ಮ್ಯಾಲ ಅವ್ವನ ಕಡೆ ಇದ್ದಿಲ್ಲ. ಮಣ್ಣು ಸಿಗಲಿಲ್ಲ ಆಕೀಗೆ, ಸುಟ್ರಂತ. ಅದಾದರೂ ತಡಕೋತೀನ್ರಿ. ಖಾಲಿ ಕೈಲೆ ಹೋದ್ಲೇನು, ಅದೊಂದು ಹೇಳ್ರಿ. ನಿದ್ದಿ ಬರವಲ್ಲದು."

ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಲಿಂಗದಕಾಯಿ ಅವರ ಕೈಯಲ್ಲೇ ಇತ್ತು. ನಾನು ಎಲ್ಲವನ್ನೂ ಹೇಳಿದೆ. ಆಣೆ ಮಾಡಿದ್ದು, ಕ್ಲಾಸಿಗೆ ಹೋಗಿ ಕೂತದ್ದು, ತಡವಾದದ್ದು. ತಪ್ಪು ನನ್ನದು ಅಂದೆ. ಖಾಲಿ ಕೈಯಲ್ಲಿ ಹೋಗಲಿಲ್ಲ, ಅಗೋ ಅಲ್ಲಿ ನಿಂತಿರುವ ಮಾವಶಿ ಒಂದು ರಬ್ಬರಿನ ಚೆಂಡಿಗೆ ಕಪ್ಪು ಬಳಿದು ಹಿಡಿಸಿದಳು ಅಂದೆ. ಹೇಳುವಾಗ ನನ್ನ ಕಿವಿಗೇ ಅದು ಹುಚ್ಚರ ಮಾತಿನ ಹಾಗೆ ಕೇಳಿಸಿತು. ಅವರು ಬಯ್ಯುತ್ತಾರೆ, ಹೊಡೆದರೂ ಹೊಡೆದಾರು ಎಂದು ಕಾದು ನಿಂತೆ.

ಅವರು ನನ್ನನ್ನು ನೋಡಲಿಲ್ಲ. ಬೇವಿನ ಗಿಡದ ಕಡೆ ತಿರುಗಿದರು.

"ಯಾವ ಕೈಯಾಗ ಇಟ್ರಿ, ಯವ್ವಾ?"

ಮಾವಶಿ ನಿಂತಲ್ಲಿಂದಲೇ ತನ್ನ ಎಡಗೈ ಎತ್ತಿ, ಅಂಗೈ ಮೇಲೆ ಮಾಡಿ ತೋರಿಸಿದಳು.

"ಈ ಕೈಯಾಗ್ರಿ."

ಅವರು ಅವಳಿದ್ದಲ್ಲಿಗೆ ನಡೆದು ಹೋದರು. ಆ ಅಂಗೈಯನ್ನು ಎರಡೂ ಕೈಯಿಂದ ಹಿಡಿದು, "ಬರೋಬರಿ ಇಟ್ಟೀರಿ," ಅಂದರು.